ದಿನಕ್ಕೆ ಒಂದೂವರೆ ಜಿಬಿಯೋ, ಮನೆಗೆ ವೈಫೈಯೋ? ಕಾಸರಗೋಡಿನ ತೋಟದ ಮನೆಯಿಂದ ಒಂದು ಲೆಕ್ಕ

“ನೆಟ್ ಯಾವುದು ಹಾಕಿಸುವುದು?” ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಪರಿಚಯದವರು ನನ್ನನ್ನು ಇದನ್ನು ಕೇಳುತ್ತಲೇ ಇರುತ್ತಾರೆ. ಒಬ್ಬರಿಗೆ ದಿನದ ಡೇಟಾ ಸಂಜೆ ಏಳಕ್ಕೇ ಮುಗಿಯುತ್ತದೆ. ಇನ್ನೊಬ್ಬರಿಗೆ ದಿನಾ ಒಂದು ಜಿಬಿ ಉಳಿದು ಹೋಗುತ್ತದೆ, ಆದರೂ ದುಡ್ಡು ಅಷ್ಟೇ. ಮತ್ತೊಬ್ಬರು ಅನ್‌ಲಿಮಿಟೆಡ್ 5ಜಿ ಅಂತ ರೀಚಾರ್ಜ್ ಮಾಡಿಸಿದ್ದಾರೆ. ರಸ್ತೆಯಿಂದ ತೋಟಕ್ಕೆ ಇಳಿದರೆ ಮನೆಯಲ್ಲಿ 4ಜಿಯ ಎರಡೇ ಗೆರೆ.

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಮೂವರೂ ನೋಡಬೇಕಾದ ವಿಷಯಗಳು ಒಂದೇ. ಅದನ್ನು ಮೊದಲು ಹೇಳಿ, ಆಮೇಲೆ ಒಂದೊಂದೇ ಪ್ಲ್ಯಾನನ್ನು ತೂಗಿ ನೋಡುತ್ತೇನೆ.

ಮೊದಲು ಏನು ನೋಡಬೇಕು

ಎಲ್ಲಕ್ಕಿಂತ ಮೊದಲು ರೇಂಜ್. ಅದೂ ಪೇಟೆಯಲ್ಲಿ ಅಲ್ಲ, ನೀವು ರಾತ್ರಿ ಊಟ ಮಾಡಿ ಮೊಬೈಲ್ ಹಿಡಿದು ಕೂರುವ ಜಾಗದಲ್ಲಿ. ನಮ್ಮ ಕಡೆಯ ಮನೆಗಳು ಹೆಚ್ಚಾಗಿ ಗುಡ್ಡೆಗಳ ನಡುವೆ, ತಗ್ಗಿನಲ್ಲಿ, ಅಡಿಕೆ ತೋಟದ ಬದಿಯಲ್ಲಿ ಇರುತ್ತವೆ. ಟವರ್ ಗುಡ್ಡೆಯ ಆಚೆ ಬದಿಗಿದ್ದರೆ ಅಂಗಳದಲ್ಲಿ ಸಿಗುವ ರೇಂಜ್ ಒಳಗೆ ಸಿಗುವುದಿಲ್ಲ. 2020ರ ಜೂನ್ 1ರಂದು ಕೇರಳದಲ್ಲಿ ಆನ್‌ಲೈನ್ ತರಗತಿಗಳು ಶುರುವಾದಾಗ ಮಕ್ಕಳು ಗುಡ್ಡೆ ಹತ್ತಿ, ಕೊಡೆ ಹಿಡಿದು ಕೂತು ಪಾಠ ಕೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಂದೀಚೆಗೆ ಟವರ್ ಜಾಸ್ತಿಯಾಗಿವೆ. ಗುಡ್ಡೆಗಳು ಮಾತ್ರ ಇದ್ದಲ್ಲೇ ಇವೆ.

ಎರಡನೆಯದು, ನಿಮ್ಮ ಬಳಕೆ ದಿನಾ ಒಂದೇ ಥರವೋ, ಅಥವಾ ಕೆಲವು ದಿನ ಏನೂ ಇಲ್ಲದೆ ಕೆಲವು ದಿನ ಒಟ್ಟಿಗೆ ಬರುವಂಥದ್ದೋ. ಮೂರನೆಯದು, ಮಿತಿ ಮುಗಿದಾಗ ಏನಾಗುತ್ತದೆ. ಕೊನೆಯದು ದುಡ್ಡು. ಅದನ್ನು ಒಂದು ಮೊಬೈಲಿಗಲ್ಲ, ಇಡೀ ಮನೆಗೆ, ಇಡೀ ವರ್ಷಕ್ಕೆ ಲೆಕ್ಕ ಹಾಕಬೇಕು.

ಹೆಚ್ಚಿನವರು ದುಡ್ಡಿನಿಂದ ಶುರುಮಾಡಿ ರೇಂಜಿಗೆ ಬರುತ್ತಾರೆ. ಅದು ಉಲ್ಟಾ ಆಗಬೇಕು.

ಮಿತಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ತಡೆಯುತ್ತದೆ ಅನ್ನುವುದು ಮುಖ್ಯ

2016ರಲ್ಲಿ ಜಿಯೋ ಬರುವ ಮೊದಲು ನಾವು ಒಂದು ಜಿಬಿ ಹಾಕಿಸಿಕೊಂಡು ತಿಂಗಳಿಡೀ ಜೋಪಾನ ಮಾಡುತ್ತಿದ್ದೆವು. ಈಗ ಅದಕ್ಕಿಂತ ಜಾಸ್ತಿ ಒಂದೇ ದಿನಕ್ಕೆ ಸಿಗುತ್ತದೆ. ಆದರೂ ‘ಸಾಕಾಗುವುದಿಲ್ಲ’ ಅನ್ನುವ ಮಾತು ನಿಂತಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ಯಕ್ಷಗಾನದ ರಾತ್ರಿಯನ್ನೇ ಲೆಕ್ಕ ಹಾಕಿ ನೋಡಿ.

ವಿಡಿಯೋ ಲೆಕ್ಕಕ್ಕೆ ಒಂದು ಸುಲಭದ ಸೂತ್ರ ಇದೆ. ಸೆಕೆಂಡಿಗೆ ಒಂದು ಮೆಗಾಬಿಟ್, ಅಂದರೆ 1 ಎಂಬಿಪಿಎಸ್ ವೇಗದಲ್ಲಿ ಹರಿಯುವ ವಿಡಿಯೋ ಒಂದು ಗಂಟೆಗೆ 450 ಎಂಬಿ ತಿನ್ನುತ್ತದೆ. ಯೂಟ್ಯೂಬಿನಲ್ಲಿ ವಿಡಿಯೋದ ಗುಣಮಟ್ಟವನ್ನು 480 ಅಂತ ಇಟ್ಟರೆ ಹೆಚ್ಚೂಕಮ್ಮಿ ಇಷ್ಟೇ. 360ಕ್ಕೆ ಇಳಿಸಿದರೆ ಗಂಟೆಗೆ 300 ಎಂಬಿಯ ಆಸುಪಾಸು. 720ಕ್ಕೆ ಹೋದರೆ ಗಂಟೆಗೆ ಒಂದು ಜಿಬಿಯ ಹತ್ತಿರ. ನೆಟ್‌ಫ್ಲಿಕ್ಸ್ ತನ್ನದೇ ಲೆಕ್ಕ ಕೊಟ್ಟಿದೆ: ಮಧ್ಯಮ ಗುಣಮಟ್ಟಕ್ಕೆ ಗಂಟೆಗೆ 0.7 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ.

ಈಗ ಬಯಲಾಟದ ಲೈವ್. ರಾತ್ರಿ ಒಂಬತ್ತಕ್ಕೆ ಶುರು, ಬೆಳಗ್ಗೆ ಆರಕ್ಕೆ ಮಂಗಳ ಅಂತ ಇಟ್ಟುಕೊಳ್ಳಿ. 480ರಲ್ಲಿ ನೋಡಿದರೆ ಒಂಬತ್ತು ಗಂಟೆಗೆ ನಾಲ್ಕು ಜಿಬಿ. ನಿಮ್ಮದು ದಿನಕ್ಕೆ 1.5 ಜಿಬಿಯ ಪ್ಲ್ಯಾನ್. ಒಂಬತ್ತರಿಂದ ಹನ್ನೆರಡರವರೆಗೆ 1.35 ಜಿಬಿ ಬೇಕು. ಹಗಲು ಹೆಚ್ಚು ಬಳಸದಿದ್ದರೆ ನಡೆದೀತು. ಹನ್ನೆರಡಕ್ಕೆ ಹೊಸ ದಿನದ 1.5 ಜಿಬಿ ಬರುತ್ತದೆ. ಅದು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಬೆಳಗಿನ ಜಾವ, ಆಟ ಕಳೆಗಟ್ಟುವ ಹೊತ್ತಿಗೆ ಪರದೆಯ ಮೇಲೆ ಚಕ್ರ ತಿರುಗಲು ಶುರು. ಅಷ್ಟೇ ಅಲ್ಲ, ಹನ್ನೆರಡರ ನಂತರ ನೋಡಿದ್ದು ಮರುದಿನದ ಪಾಲು. ಆ ಮರುದಿನ ಪೂರ್ತಿ, ರಾತ್ರಿ ಹನ್ನೆರಡರವರೆಗೆ, ನಿಮಗೆ ನೆಟ್ ಇಲ್ಲದ ಹಾಗೇ.

ನಮ್ಮ ಅಮ್ಮನಿಗೆ ಇದು ಅರ್ಥವಾಗುವವರೆಗೆ ಬಹಳ ಬೇಸರಪಟ್ಟಿದ್ದರು. “ನಿನ್ನೆ ರಾತ್ರಿ ನೋಡಿದ್ದಕ್ಕೆ ಇವತ್ತು ಯಾಕೆ ಇಲ್ಲ?” ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ, ಅಲ್ವಾ? ಆಟ ನೋಡುವವರಿಗೆ ಅದು ಒಂದೇ ರಾತ್ರಿ. ಕಂಪನಿಯ ಲೆಕ್ಕದಲ್ಲಿ ಎರಡು ದಿನ.

1.5 ಜಿಬಿಯನ್ನು 28 ದಿನಕ್ಕೆ ಗುಣಿಸಿದರೆ 42 ಜಿಬಿ. ತಿಂಗಳಿಗೆ ನಾಲ್ಕು ಆಟ ನೋಡುವವರಿಗೆ ಬೇಕಾದದ್ದು 16 ಜಿಬಿ. ಅಂದರೆ ದುಡ್ಡು ಕೊಟ್ಟ ಡೇಟಾ ಧಾರಾಳ ಇದೆ, ಬೇಕಾದ ರಾತ್ರಿ ಮಾತ್ರ ಇಲ್ಲ. ಖುಷಿ ಕೆಡಿಸುವುದು ಇದೇ. ಎರಡನೇ ತೊಂದರೆ ಇದಕ್ಕಿಂತ ಸೂಕ್ಷ್ಮ. ಉಳಿದದ್ದು ಹನ್ನೆರಡಕ್ಕೆ ಹಾಳಾಗುತ್ತದೆ ಅಂತ ಕೆಲವರು ಹನ್ನೊಂದೂವರೆಗೆ ಸುಮ್ನೆ ರೀಲ್ಸ್ ತಿರುಗಿಸುತ್ತಾ ಕೂರುತ್ತಾರೆ. ಮುಗಿದೀತು ಅನ್ನುವ ಹೆದರಿಕೆಯಿಂದ ಇನ್ನು ಕೆಲವರು ಗಲ್ಫಿನಲ್ಲಿರುವ ಮಗನ ವಿಡಿಯೋ ಕಾಲನ್ನು ಎರಡು ನಿಮಿಷಕ್ಕೆ ಮುಗಿಸುತ್ತಾರೆ. ಎರಡೂ ಸಂತೋಷದ ಬಳಕೆ ಅಲ್ಲ.

ಮಿತಿ ಮುಗಿದ ಮೇಲೆ ನೆಟ್ ನಿಲ್ಲುವುದಿಲ್ಲ, ತೆವಳುತ್ತದೆ. ಜಿಯೋ, ಏರ್‌ಟೆಲ್‌ನ ದಿನದ ಪ್ಲ್ಯಾನುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಬಿಎಸ್‌ಎನ್‌ಎಲ್‌ನಲ್ಲಿ ಸಾಮಾನ್ಯವಾಗಿ 40ಕ್ಕೆ. 64 ಅಂದರೆ ಒಂದು ಎಂಬಿ ಇಳಿಯಲು ಎರಡು ನಿಮಿಷ. ಐದು ಎಂಬಿಯ ಒಂದು ಫೋಟೋಗೆ ಹತ್ತು ನಿಮಿಷ. ವಾಟ್ಸಾಪಿನಲ್ಲಿ ಅಕ್ಷರದ ಮೆಸೇಜ್ ಹೋಗುತ್ತದೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ಒಮ್ಮೆ ಆಗುತ್ತದೆ, ಒಮ್ಮೆ ಹಿಂದೆ ಇರುವವರನ್ನೆಲ್ಲ ಕಾಯಿಸುತ್ತದೆ.

ದಿನದ ಪ್ಲ್ಯಾನ್ ಯಾರಿಗೆ

ದಿನಾ ಒಂದೇ ಥರ ಬಳಸುವವರಿಗೆ ಇದು ಒಳ್ಳೆಯದು. ಬೆಳಗ್ಗೆ ಪೇಪರ್, ಅಡಿಕೆ ರೇಟು, ವಾಟ್ಸಾಪ್, ರಾತ್ರಿ ಒಂದು ಗಂಟೆ ಯೂಟ್ಯೂಬ್. ಇಷ್ಟಕ್ಕೆ 1.5 ಜಿಬಿ ಧಾರಾಳ. ಮಂಗಳೂರಿಗೆ ದಿನಾ ಬಸ್ಸು, ರೈಲಿನಲ್ಲಿ ಹೋಗಿ ಬರುವ ಕಾಲೇಜಿನ ಮಕ್ಕಳಿಗೆ 2 ಜಿಬಿ ಇರಲಿ.

ಬೆಲೆಯ ಲೆಕ್ಕ ಹೀಗೆ ಮಾಡಿ. 28 ದಿನದ ಪ್ಲ್ಯಾನ್ ತಿಂಗಳ ಪ್ಲ್ಯಾನ್ ಅಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ರೀಚಾರ್ಜ್. 2024ರ ಜುಲೈಯಲ್ಲಿ ಎಲ್ಲ ಖಾಸಗಿ ಕಂಪನಿಗಳು ಬೆಲೆ ಏರಿಸಿದಾಗ ಜಿಯೋದ 1.5 ಜಿಬಿಯ 28 ದಿನದ ಪ್ಲ್ಯಾನ್ 239ರಿಂದ 299 ರೂಪಾಯಿ ಆಯಿತು. ವರ್ಷಕ್ಕೆ 3,887 ರೂಪಾಯಿ. ಅದೇ 1.5 ಜಿಬಿ 84 ದಿನಕ್ಕೆ 799. ದಿನದ ಲೆಕ್ಕದಲ್ಲಿ ಮೊದಲನೆಯದು 10 ರೂಪಾಯಿ 68 ಪೈಸೆ, ಎರಡನೆಯದು 9 ರೂಪಾಯಿ 51 ಪೈಸೆ. ಬೆಲೆಗಳು ಬದಲಾಗುತ್ತಲೇ ಇರುತ್ತವೆ. ಲೆಕ್ಕ ಮಾಡುವ ಕ್ರಮ ಬದಲಾಗುವುದಿಲ್ಲ: ಬೆಲೆಯನ್ನು ದಿನದಿಂದ ಭಾಗಿಸಿ. ಮೂರು ತಿಂಗಳ ದುಡ್ಡು ಒಟ್ಟಿಗೆ ಕೊಡುವುದು ಕಷ್ಟವಾದರೆ 28 ದಿನದ್ದೇ ಸರಿ, ಅದರಲ್ಲಿ ಸಂಕೋಚ ಬೇಡ.

ದಿನದ ಪ್ಲ್ಯಾನಿನಲ್ಲಿದ್ದುಕೊಂಡೇ ಆಟ ನೋಡಬೇಕಾದರೆ ವಿಡಿಯೋವನ್ನು 360ಕ್ಕೆ ಇಳಿಸಿ. ಒಂಬತ್ತು ಗಂಟೆಗೆ 2.7 ಜಿಬಿ. ಹನ್ನೆರಡಕ್ಕೆ ಮೊದಲು 0.9, ಆಮೇಲೆ 1.8. ದಿನಕ್ಕೆ 2 ಜಿಬಿ ಇದ್ದರೆ ಮಂಗಳದವರೆಗೂ ಕೂರಬಹುದು. ಮೊಬೈಲಿನ ಸಣ್ಣ ಪರದೆಯಲ್ಲಿ ವೇಷ ನೋಡಲು, ಪದ್ಯ ಕೇಳಲು 360 ಸಾಕು. ಟಿವಿಗೆ ಹಾಕಿ ನೋಡುವವರಿಗೆ ಮಾತ್ರ ಮುಖವರ್ಣಿಕೆ ಮಸುಕಾಗಿ ಕಾಣುತ್ತದೆ.

ಉಳಿಸಿಕೊಳ್ಳಬಹುದಾದ ಡೇಟಾ

ವಾರವಿಡೀ ತೋಟದಲ್ಲಿ, ಶನಿವಾರ ಭಾನುವಾರ ಮಾತ್ರ ಸಿನಿಮಾ, ಆಟ ಅನ್ನುವವರು ಈ ಜಾತಿಯ ಪ್ಲ್ಯಾನುಗಳನ್ನು ವಿಚಾರಿಸಬೇಕು. ವೊಡಾಫೋನ್ ಐಡಿಯಾದ ಕೆಲವು ದಿನದ ಪ್ಲ್ಯಾನುಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಉಳಿದ ಡೇಟಾ ಶನಿವಾರ ಭಾನುವಾರಕ್ಕೆ ಬರುತ್ತದೆ. ರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರವರೆಗೆ ನೋಡಿದ್ದು ಲೆಕ್ಕಕ್ಕೆ ಸೇರುವುದಿಲ್ಲ ಅನ್ನುವ ಸೌಲಭ್ಯವೂ ಕೆಲವದರಲ್ಲಿದೆ. ಮೇಲಿನ ಬಯಲಾಟದ ಲೆಕ್ಕ ನೆನಪಿದೆಯಲ್ಲ? ಇಡೀ ರಾತ್ರಿಯ ಆಟ ನೋಡುವವರಿಗೆ ಇದಕ್ಕಿಂತ ಹೊಂದುವ ಪ್ಲ್ಯಾನ್ ನನಗೆ ಕಂಡಿಲ್ಲ. ಆದರೆ ಎಲ್ಲ ರೀಚಾರ್ಜಿಗೂ ಇದು ಇಲ್ಲ, ವಿವರ ಓದಿಯೇ ಹಾಕಿಸಿ. ಮನೆಯ ಒಳಗೆ ಆ ಕಂಪನಿಯ 4ಜಿ ಇಲ್ಲದಿದ್ದರೆ ಉಚಿತ ರಾತ್ರಿಯಿಂದ ಏನೂ ಪ್ರಯೋಜನ ಇಲ್ಲ.

ಇಡೀ ಅವಧಿಗೆ ಒಟ್ಟು ಇಷ್ಟು ಜಿಬಿ ಅಂತ ಕೊಡುವ ಪ್ಲ್ಯಾನುಗಳೂ ಇವೆ. ಕಡಿಮೆ ಬಳಸುವ ಹಿರಿಯರಿಗೆ ಇದು ನೆಮ್ಮದಿ. ದಿನದ ತಡೆ ಇಲ್ಲ. ಒಂದೇ ಅಪಾಯ ಅಂದರೆ ವಾಟ್ಸಾಪ್ ಗುಂಪುಗಳ ವಿಡಿಯೋಗಳು ತಾವಾಗಿಯೇ ಇಳಿದು ಹತ್ತು ದಿನದಲ್ಲಿ ಎಲ್ಲ ಖಾಲಿ ಮಾಡುತ್ತವೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಆಟೋ ಡೌನ್‌ಲೋಡ್ ನಿಲ್ಲಿಸಿಯೇ ಅವರ ಕೈಗೆ ಮೊಬೈಲ್ ಕೊಡಿ. ಪ್ಲೇ ಸ್ಟೋರಿನ ಅಪ್‌ಡೇಟ್, ಫೋಟೋ ಬ್ಯಾಕಪ್ ಎರಡನ್ನೂ ವೈಫೈ ಇದ್ದಾಗ ಮಾತ್ರ ಅಂತ ಇಡಿ. ಪೋಸ್ಟ್‌ಪೇಯ್ಡ್‌ನಲ್ಲೂ ಉಳಿದದ್ದು ಮುಂದಿನ ತಿಂಗಳಿಗೆ ಸೇರುವ ಪ್ಲ್ಯಾನುಗಳಿವೆ. ಅಲ್ಲಿ ಹೇಳಿದ ಬೆಲೆಯ ಮೇಲೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆ. ಪ್ರೀಪೇಯ್ಡ್ ಬೆಲೆಯೊಳಗೆ ಅದು ಸೇರಿಯೇ ಇರುತ್ತದೆ. ಎರಡನ್ನೂ ಹೋಲಿಸುವಾಗ ಇದನ್ನು ಮರೆಯಬೇಡಿ.

ಅನ್‌ಲಿಮಿಟೆಡ್ 5ಜಿ

2024ರ ಜುಲೈ ನಂತರ ಜಿಯೋ, ಏರ್‌ಟೆಲ್ ಎರಡೂ ಇದನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲ್ಯಾನುಗಳಿಗೆ ಸೀಮಿತ ಮಾಡಿದವು. 5ಜಿ ಮೊಬೈಲ್, 5ಜಿ ರೇಂಜ್, ಎರಡೂ ಬೇಕು. ಕಾಸರಗೋಡು ಪೇಟೆಯಲ್ಲೋ ಹೆದ್ದಾರಿ ಬದಿಯ ಉಪ್ಪಳ, ಕುಂಬಳೆಯಲ್ಲೋ ಕೆಲಸ, ಮನೆ ಇರುವವರಿಗೆ ಒಳ್ಳೆಯ ಆಯ್ಕೆ. ಒಳನಾಡಿನವರು ಒಂದು ವಿಷಯ ಗಮನಿಸಿ. ಮೊಬೈಲ್ 5ಜಿಯಿಂದ 4ಜಿಗೆ ಜಾರಿದ ಕೂಡಲೇ ದಿನದ 2 ಜಿಬಿ ಕರಗಲು ಶುರುವಾಗುತ್ತದೆ. ಮೊಬೈಲ್ ನಿಮಗೆ ಹೇಳುವುದಿಲ್ಲ, ಮೇಲೆ 5ಜಿ ಅನ್ನುವುದು 4ಜಿ ಆಗುತ್ತದೆ, ಅಷ್ಟೇ. ಅನ್‌ಲಿಮಿಟೆಡ್ ಅಂತ ನಂಬಿ 1080ರಲ್ಲಿ ವಿಡಿಯೋ ಇಟ್ಟವರಿಗೆ ಒಂದು ಸಿನಿಮಾ ಪೂರ್ತಿಯಾಗುವುದೂ ಅನುಮಾನ. ಒಂದು ವಾರ ಮನೆಯೊಳಗೆ ಆ ಗುರುತು ನೋಡಿ. ಅರ್ಧದಷ್ಟು ಹೊತ್ತು 4ಜಿ ಕಂಡರೆ ಈ ಪ್ಲ್ಯಾನಿಗೆ ಹೆಚ್ಚು ದುಡ್ಡು ಕೊಡಬೇಡಿ.

ಗಡಿಯ ಮನೆಗಳು, ಬಿಎಸ್‌ಎನ್‌ಎಲ್

ತಲಪಾಡಿ, ವರ್ಕಾಡಿ, ಪೈವಳಿಕೆ ಕಡೆ ಅನೇಕರ ಹತ್ತಿರ ಕರ್ನಾಟಕದ ಸಿಮ್ ಇದೆ. ಭಾರತದೊಳಗೆ ಈಗಿನ ಸಾಮಾನ್ಯ ಪ್ಲ್ಯಾನುಗಳಲ್ಲಿ ರೋಮಿಂಗಿಗೆ ಬೇರೆ ದುಡ್ಡಿಲ್ಲ, ಹಾಗಾಗಿ ಡೇಟಾ ಮಿತಿಗೆ ವ್ಯತ್ಯಾಸ ಆಗುವುದಿಲ್ಲ. ವ್ಯತ್ಯಾಸ ಇರುವುದು ಭಾಷೆಯಲ್ಲಿ. ಕರ್ನಾಟಕದ ಸಿಮ್ ಆದರೆ ಕಸ್ಟಮರ್ ಕೇರಿನವರು ಸಲೀಸಾಗಿ ಕನ್ನಡದಲ್ಲಿ ಮಾತನಾಡುತ್ತಾರೆ. ಹಿರಿಯರಿಗೆ ಅದು ಸಣ್ಣ ಮಾತಲ್ಲ. ಕೆಲವು ಪ್ಲ್ಯಾನುಗಳು ಒಂದು ರಾಜ್ಯಕ್ಕೆ ಮಾತ್ರ ಇರುತ್ತವೆ, ಆದ್ದರಿಂದ ಗೆಳೆಯರ ಪ್ಲ್ಯಾನ್ ನಿಮ್ಮ ನಂಬರಿಗೂ ಇದೆಯಾ ಅಂತ ನೋಡಿಕೊಳ್ಳಿ.

ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಉದ್ಘಾಟಿಸಿತು. ಕಡಿಮೆ ದುಡ್ಡಿಗೆ ಹೆಚ್ಚು ದಿನ ಅನ್ನುವುದು ಇದರ ಗುಣ. ಬೇರೆಯವರ ರೇಂಜ್ ಮುಟ್ಟದ ಕೆಲವು ಮೂಲೆಗಳಲ್ಲಿ ಇದರ ಟವರ್ ಮೊದಲಿನಿಂದಲೂ ಇದೆ. ನನ್ನ ಸಲಹೆ, ಇದನ್ನು ಎರಡನೇ ಸಿಮ್ ಆಗಿ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ 4ಜಿ ಗಟ್ಟಿಯಾಗಿ ಸಿಗುತ್ತದೆ ಅಂತ ಕಂಡ ಮೇಲೆ ಮೊದಲನೆಯದಾಗಿ ಮಾಡಿ.

ಮನೆಗೆ ಫೈಬರ್

ಮನೆಯಲ್ಲಿ ಮೂರು ನಾಲ್ಕು ಮೊಬೈಲ್ ಇದ್ದರೆ ಇಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ. ಕೇಬಲ್ ಎಳೆದು ಮನೆಗೆ ನೆಟ್ ಕೊಡುವ ಕೇರಳ ಸರ್ಕಾರದ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾದಾಗ ಅದರ ಅತಿ ಸಣ್ಣ ಪ್ಲ್ಯಾನ್ ತಿಂಗಳಿಗೆ 299 ರೂಪಾಯಿ, 20 ಎಂಬಿಪಿಎಸ್ ವೇಗ, 3000 ಜಿಬಿ. ಜಿಎಸ್‌ಟಿ ಸೇರಿದರೆ 353. ಒಂದು ಮೊಬೈಲಿಗೆ 42 ಜಿಬಿ ಕೊಡುವ ಅದೇ 299ನ್ನು ಇದರ ಪಕ್ಕ ಇಟ್ಟು ನೋಡಿ. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟುವ ಕ್ರಮ ಇತ್ತು. ಇದಲ್ಲದೆ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಫೈಬರ್, ಕೇಬಲ್ ಟಿವಿಯವರ ಕೇರಳವಿಷನ್ ಇವೆ. ನಿಮ್ಮ ದಾರಿಯ ಕಂಬದವರೆಗೆ ಯಾರ ಕೇಬಲ್ ಬಂದಿದೆಯೋ ಅವರೇ ನಿಮ್ಮ ಆಯ್ಕೆ.

ನಾಲ್ಕು ಜನರ ಮನೆ ಅಂತ ಇಟ್ಟುಕೊಳ್ಳಿ. ಎಲ್ಲರಿಗೂ 299ರ ರೀಚಾರ್ಜ್ ಆದರೆ 28 ದಿನಕ್ಕೆ 1,196 ರೂಪಾಯಿ. ಈಗ ಇನ್ನೊಂದು ದಾರಿ. ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೇಳಿದ ಮೇಲೆ 2025ರ ಜನವರಿಯಲ್ಲಿ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲ್ಯಾನುಗಳು ಬಂದವು. ಜಿಯೋದ್ದು 84 ದಿನಕ್ಕೆ 448, ಅಂದರೆ 28 ದಿನಕ್ಕೆ 149ರ ಹತ್ತಿರ. ಮನೆಯಲ್ಲೇ ಇರುವ ಇಬ್ಬರಿಗೆ ಅದು, ಹೊರಗೆ ಓಡಾಡುವ ಇಬ್ಬರಿಗೆ 299ರದ್ದು, ಜೊತೆಗೆ 353ರ ಫೈಬರ್. ಒಟ್ಟು 1,249. ಐವತ್ತು ರೂಪಾಯಿಯಷ್ಟು ಜಾಸ್ತಿ ಕೊಟ್ಟರೆ ಮನೆಯೊಳಗೆ ಯಾರೂ ಡೇಟಾ ಎಣಿಸಬೇಕಾಗಿಲ್ಲ. ನಾಲ್ವರೂ ಕರೆಯ ಪ್ಲ್ಯಾನಿಗೆ ಬಂದರೆ ಸಾವಿರದೊಳಗೆ ಮುಗಿಯುತ್ತದೆ, ಆದರೆ ಪೇಟೆಗೆ ಹೋದಾಗ ನೆಟ್ ಇರುವುದಿಲ್ಲ.

ತಗ್ಗಿನ ಮನೆಗಳಿಗೆ ಇನ್ನೊಂದು ದೊಡ್ಡ ಲಾಭ ಇದೆ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ರೇಂಜ್ ಇಲ್ಲದ ಕೋಣೆಯಲ್ಲೂ ಮಾಮೂಲಿ ಕರೆ ಬರುತ್ತದೆ, ಹೋಗುತ್ತದೆ. ಕರೆ ಬಂದಾಗ ಅಂಗಳಕ್ಕೆ ಓಡುವುದು ನಮ್ಮ ಮನೆಯಲ್ಲಿ ಇದರಿಂದಲೇ ನಿಂತದ್ದು.

ತೊಂದರೆಯನ್ನೂ ಹೇಳಬೇಕು. ಕರೆಂಟು ಹೋದರೆ ರೂಟರ್ ಸಾಯುತ್ತದೆ. ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ತಗೊಳ್ಳಿ. ರಸ್ತೆಯಿಂದ ಮನೆ ದೂರವಾದರೆ ಕೇಬಲ್ ಎಳೆಯಲು ಬೇರೆ ದುಡ್ಡು ಕೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಕೊಂಬೆ ಬಿದ್ದು ಕೇಬಲ್ ತುಂಡಾಗುತ್ತದೆ. ನಮ್ಮಲ್ಲಿ ಒಂದು ಜುಲೈಯಲ್ಲಿ ಎಂಟು ದಿನ ಯಾರೂ ಸರಿಮಾಡಲು ಬರಲಿಲ್ಲ. ಅಂಥ ದಿನಗಳಿಗೆ ಒಂದಾದರೂ ಸಿಮ್ಮಿನಲ್ಲಿ ಡೇಟಾ ಇರಲೇಬೇಕು. ತುಲಾ ತಿಂಗಳ ಗುಡುಗು ಸಿಡಿಲಿಗೆ ಫೈಬರ್ ಎಳೆಗೆ ಏನೂ ಆಗದು, ಕರೆಂಟಿನ ದಾರಿಯಲ್ಲಿ ಬಂದು ರೂಟರ್ ಸುಡುತ್ತದೆ. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ.

ಕೇಬಲ್ ಬಾರದ, ಆದರೆ 5ಜಿ ಗಟ್ಟಿಯಾಗಿರುವ ಮನೆಗೆ ಏರ್‌ಫೈಬರ್ ಇದೆ. ಮಾಡಿನ ಮೇಲೆ ಒಂದು ಪೆಟ್ಟಿಗೆ ಇಟ್ಟು ಒಳಗೆ ವೈಫೈ ಕೊಡುತ್ತಾರೆ. ಇದರ ಮಿತಿ ಸಾಮಾನ್ಯವಾಗಿ ತಿಂಗಳಿಗೆ 1000 ಜಿಬಿ, ಮನೆಗೆ ಧಾರಾಳ. ತಿಂಗಳ ಬೆಲೆ ಕೆ-ಫೋನಿನ ಸಣ್ಣ ಪ್ಲ್ಯಾನಿಗಿಂತ ಜಾಸ್ತಿ.

ಬಾಡಿಗೆ ಮನೆಯಲ್ಲಿ ಒಬ್ಬರೇ ಇರುವವರು, ವರ್ಷದೊಳಗೆ ಊರು ಬಿಡುವವರು ಇದಕ್ಕೆಲ್ಲ ಕೈಹಾಕಬೇಡಿ. ನಿಮಗೆ ಒಳ್ಳೆಯ ದಿನದ ಪ್ಲ್ಯಾನೇ ಸಾಕು.

ಬದಲಾಯಿಸುವ ಮೊದಲು

ಆಸೆ ಇರುವ ಕಂಪನಿಯ ಸಿಮ್ ಇರುವ ನೆರೆಯವರನ್ನೋ ನೆಂಟರನ್ನೋ ಒಂದು ಸಂಜೆ ಮನೆಗೆ ಕರೆಯಿರಿ. ಎಂಟರಿಂದ ಹತ್ತರೊಳಗೆ, ಎಲ್ಲರೂ ನೆಟ್ ಬಳಸುವ ಹೊತ್ತಿಗೆ, ಅವರ ಹಾಟ್‌ಸ್ಪಾಟ್ ಹಿಡಿದು ನೀವು ಕೂರುವ ಕೋಣೆಯಲ್ಲೇ ಒಂದು ವಿಡಿಯೋ ಹಾಕಿ. ಟ್ರಾಯ್‌ನ ಮೈಸ್ಪೀಡ್ ಆ್ಯಪಿನಲ್ಲಿ ವೇಗವನ್ನೂ ಅಳೆಯಬಹುದು. ಹಾಗೆಯೇ ನಿಮ್ಮ ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಡೇಟಾ ಯೂಸೇಜ್ ತೆರೆದು ಕಳೆದ ತಿಂಗಳು ಎಷ್ಟು, ಯಾವ ಆ್ಯಪಿಗೆ ಹೋಗಿದೆ ನೋಡಿ. ಅಂದಾಜು ಬೇಡ, ಆ ಅಂಕಿ ಹಿಡಿದು ಪ್ಲ್ಯಾನ್ ಆರಿಸಿ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಲು ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಮಾಡಬೇಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಇತ್ತೀಚೆಗೆ ಸಿಮ್ ಬದಲಿಸಿದ್ದರೆ ಏಳು ದಿನ ಕಾಯಬೇಕು. ಹಳೆಯ ರೀಚಾರ್ಜಿನಲ್ಲಿ ಉಳಿದ ದಿನ, ಡೇಟಾ ಎರಡೂ ಹೊಸ ಕಂಪನಿಗೆ ಬರುವುದಿಲ್ಲ. ಆದ್ದರಿಂದ 84 ದಿನದ್ದು ಹಾಕಿಸಿದ ಮರುವಾರವೇ ಹೊರಡಬೇಡಿ. ಮುಗಿಯಲು ನಾಲ್ಕೈದು ದಿನ ಇರುವಾಗ ಆ ಎಸ್ಸೆಮ್ಮೆಸ್ ಕಳಿಸಿ.